ಎಸ್ಪ್ರೆಸೋ ಮಷೀನ್ ತಗೊಂಡು ಒಂದು ತಿಂಗಳಾಯ್ತು, ಒಂದು ದಿನವೂ ಕಾಫಿ ನೆಟ್ಟಗೆ ಬಂದಿಲ್ಲ

ವಿಜಯನಗರದ_ಸೊಸೆ:
ಎಲ್ಲರಿಗೂ ನಮಸ್ಕಾರ. ಹನ್ನೆರಡು ಸಾವಿರ ಕೊಟ್ಟು ಮನೆಗೆ ಒಂದು ಸಣ್ಣ ಎಸ್ಪ್ರೆಸೋ ಮಷೀನ್ ತಗೊಂಡೆ, ಡಬ್ಬದ ಮೇಲೆ 15 ಬಾರ್ (ಒತ್ತಡದ ಅಳತೆಯಂತೆ) ಅಂತ ದಪ್ಪಗೆ ಬರ್ದಿದೆ. ಮನೇಲಿ ಹೇಗೂ ಫಿಲ್ಟರ್‌ಗೆ ಅಂತ ತರೋ 80-20 ಪುಡಿ (80 ಕಾಫಿ, 20 ಚಿಕೋರಿ) ಇತ್ತಲ್ಲ, ಅದನ್ನೇ ಹಾಕ್ದೆ. ಮೊದಲನೇ ದಿನ ಮಷೀನ್ ಗೊರ್ ಅಂತ ಒಂದು ನಿಮಿಷ ಒದ್ದಾಡಿ ನಾಕು ತೊಟ್ಟು ಡಾಂಬರು ಥರ ಬಿತ್ತು ಅಷ್ಟೇ, ಸರಿ ಅಂತ ಆಫ್ ಮಾಡಿ ಹಿಡಿ ತಿರುಗಿಸಿದ್ರೆ ಪಟ್ ಅಂತ ಸಿಡಿದು ಟೈಲ್ಸ್, ನನ್ನ ನೈಟಿ, ಅತ್ತೆ ಆಗತಾನೆ ಒರೆಸಿಟ್ಟಿದ್ದ ಒಲೆ ಎಲ್ಲಾ ಕಾಫಿ ಚರಟ. ಆಮೇಲೆ ಚಿಕೋರಿ ಇಲ್ದೇ ಇರೋ ಪುಡಿ ತಂದೆ, ಅದು ಎಂಟೇ ಸೆಕೆಂಡಿಗೆ ಸರ್ ಅಂತ ಇಳಿದುಹೋಗುತ್ತೆ, ಬಾಯಿಗಿಟ್ರೆ ಹುಣಸೆಹಣ್ಣಿನ ನೀರು. ಹಾಲಿನ ನೊರೆನೂ ಸೋಪಿನ ನೊರೆ ಥರಾನೇ. ಮಷೀನೇ ಸರಿ ಇಲ್ವಾ ಅಥವಾ ನನ್ನ ಕೈಗುಣನಾ?

ಮೂಡಿಗೆರೆ_ಮಳೆ:
ಮೇಡಂ, ಮಷೀನ್‌ದೇನೂ ತಪ್ಪಿಲ್ಲ, ಪುಡೀದೇ ಎಲ್ಲಾ. ಚಿಕೋರಿ ಅನ್ನೋದು ಬೇರು, ಕಾಫಿಗಿಂತ ಜಾಸ್ತಿ ನೀರಲ್ಲಿ ಕರಗುತ್ತೆ, ನೆನೆದ್ರೆ ಅಂಟಂಟಾಗುತ್ತೆ. ಫಿಲ್ಟರ್‌ನಲ್ಲಿ ಅದೇ ಅನುಕೂಲ, ನೀರು ನಿಧಾನಕ್ಕೆ ಇಳಿದು ಡಿಕಾಕ್ಷನ್ ಗಟ್ಟಿ ಬರುತ್ತೆ. ಇಲ್ಲಿ ಪಂಪ್ ಒತ್ತಿದ ತಕ್ಷಣ ಗೋಂದು ಹಾಕಿದ ಹಾಗೆ ಕಟ್ಕೊಳುತ್ತೆ, ಒಳಗಿನ ಪ್ರೆಶರ್ ಹೋಗೋಕೆ ದಾರಿ ಇಲ್ಲ, ಅದಕ್ಕೇ ನಿಮ್ಮ ಗೋಡೆಗೆ ಕಾಫಿ ಕುಡಿಸಿದ್ದು. ಇನ್ಮೇಲೆ ಹಾಗಾದ್ರೆ ಒಂದೆರಡು ನಿಮಿಷ ಬಿಟ್ಟು ಬಿಚ್ಚಿ.

ಎರಡನೇದಕ್ಕೆ ಕಾರಣ ಬೇರೆ. ಫಿಲ್ಟರ್ ಪುಡಿ ಎಸ್ಪ್ರೆಸೋಗೆ ದಪ್ಪ ಆಯ್ತು. ಅಲ್ಲಿ ಕಾಲು ಗಂಟೆ ತೊಟ್ಟಿಕ್ಕುತ್ತೆ, ಇಲ್ಲಿ ಸಿಗೋದು 25-30 ಸೆಕೆಂಡು. ಬೇಗ ಇಳಿದ್ರೆ ಹುಳಿ, ತೀರಾ ನಿಧಾನ ಆದ್ರೆ ಕಹಿ, ಒಗರು. ಅಂದಹಾಗೆ ನಿಮ್ಮ ಬಾಸ್ಕೆಟ್, ಅಂದ್ರೆ ಹಿಡಿಯೊಳಗೆ ಪುಡಿ ತುಂಬೋ ಬಟ್ಟಲು, ಅದರ ತಳ ನೋಡಿ, ಹೊರಗಡೆ ಒಂದೇ ತೂತಾ, ತುಂಬಾ ತೂತಾ?

ವಿಜಯನಗರದ_ಸೊಸೆ:
ಎರಡೂ ಕೊಟ್ಟಿದಾರೆ ಸಾರ್. ಯೂಟ್ಯೂಬ್ ನೋಡಿ ತುಂಬಾ ತೂತಿರೋದನ್ನೇ ಹಾಕ್ತಿದ್ದೆ, ಅದೇ ಪ್ರೊಫೆಷನಲ್ ಅಂದ್ರು

ಮೂಡಿಗೆರೆ_ಮಳೆ:
ಅಲ್ಲೇ ಇದೆ ನೋಡಿ. ಒಂದೇ ತೂತಿರೋದು ಪ್ರೆಶರೈಸ್ಡ್, ಪುಡಿ ಸ್ವಲ್ಪ ಹೆಚ್ಚುಕಮ್ಮಿ ಆದ್ರೂ ತೂತೇ ಒತ್ತಡ ಕೊಡುತ್ತೆ. ಗ್ರೈಂಡರ್ ಇಲ್ದೇ ಇದ್ರೆ ಅದನ್ನೇ ಹಾಕಿ, ನಾಚಿಕೆ ಬೇಡ. ತುಂಬಾ ತೂತಿರೋದೇ ಬೇಕು ಅಂದ್ರೆ ಬರ್ ಗ್ರೈಂಡರ್ (ಬ್ಲೇಡ್ ಬದಲು ಎರಡು ಹಲ್ಲಿನ ಚಕ್ರದ ಮಧ್ಯೆ ಒಂದೇ ಸಮ ಪುಡಿ ಮಾಡೋದು) ಬೇಕೇ ಬೇಕು, ಕೈಯಲ್ಲಿ ತಿರುಗಿಸೋದಾದ್ರೂ ಸರಿ. ಮಿಕ್ಸಿ ಬೇಡ, ಅರ್ಧ ಹಿಟ್ಟು ಅರ್ಧ ರವೆ ಮಾಡುತ್ತೆ. 14 ಗ್ರಾಂ ಪುಡಿ ಹಾಕಿ, ಕಪ್ಪನ್ನ ತೂಕದ ಮೇಲೇ ಇಟ್ಟು 28 ಗ್ರಾಂ ಕಾಫಿ ಬಂದಾಗ ನಿಲ್ಸಿ, ಎಷ್ಟು ಸೆಕೆಂಡಾಯ್ತು ನೋಡಿ. ಒಂದು ಸಲಕ್ಕೆ ಒಂದನ್ನೇ ಬದಲಾಯಿಸಿ, ಪುಡಿ ನುಣುಪು, ತೂಕ, ಒತ್ತೋದು ಮೂರೂ ಒಟ್ಟಿಗೆ ಬದಲಾಯಿಸಿದ್ರೆ ಯಾವುದರಿಂದ ಏನಾಯ್ತು ಅಂತ ಬ್ರಹ್ಮನಿಗೂ ಗೊತ್ತಾಗಲ್ಲ. ಆ 15 ಬಾರ್ ಪಂಪಿನ ತಾಕತ್ತು ಅಷ್ಟೇ, ಪುಡಿ ಮೇಲೆ 9 ಬಾರ್ ಹತ್ರ ಬಿದ್ರೆ ಸಾಕು.

ಬೀಜ ತಗೊಳೋವಾಗ ಹುರಿದ ತಾರೀಖು ನೋಡಿ, ಹುರಿದು ಒಂದು ವಾರ ಆದ್ಮೇಲೆ ಶುರು ಮಾಡಿ, ಒಂದು ತಿಂಗಳೊಳಗೆ ಮುಗಿಸಿ. ಬರೀ ಅರೇಬಿಕಾ ಅಂತ ಹಠ ಬೇಡ, ನಮ್ಮ ಕಡೆ ಒಳ್ಳೆ ರೋಬಸ್ಟಾ ಕಾಲು ಭಾಗ ಸೇರಿಸಿದ್ರೆ ಕ್ರೀಮಾ (ಎಸ್ಪ್ರೆಸೋ ಮೇಲಿನ ಕಂದು ನೊರೆ) ದಪ್ಪಗೆ ಕೂರುತ್ತೆ, ಹಾಲು ಹಾಕಿದ್ರೂ ಕಾಫಿ ಮುಖ ತೋರಿಸುತ್ತೆ. (ತೋಟದವ್ನು ಹೇಳ್ತಿರೋದು, ಸ್ವಲ್ಪ ಪಕ್ಷಪಾತ ಇರ್ಬೋದು 😄)

ಲೋಟ_ಡಬರಿ:
ಇಷ್ಟೆಲ್ಲಾ ತೂಕ ಹಾಕಿ ಸೆಕೆಂಡ್ ಎಣಿಸಿ ಕಾಫಿ ಕುಡಿಯೋದಾ ಗುರು, ಚಿನ್ನದಂಗಡಿನಾ ಇದು? ಹಿತ್ತಾಳೆ ಫಿಲ್ಟರ್‌ಗೆ ಕರೆಂಟೂ ಬೇಡ

ಮೈಸೂರ್_ಅಕ್ಕ:
ಲೋಟ_ಡಬರಿ ಸುಮ್ನಿರಪ್ಪ, ಅವ್ರು ದುಡ್ಡು ಕೊಟ್ಟಾಗಿದೆ.
ಹಾಲಿನ ವಿಷ್ಯ ಯಾರೂ ಹೇಳಿಲ್ಲ ನಾನು ಹೇಳ್ತೀನಿ. ಕಾಯಿಸಿ ಆರಿಸಿದ ಹಾಲು ತಗೋಬೇಡಮ್ಮ, ಕೆನೆ ಕಟ್ಟಿ ನೊರೆ ಹರಿದುಹೋಗುತ್ತೆ. ಪ್ಯಾಕೆಟ್ ಹಾಲು ಪಾಶ್ಚರೈಸ್ ಆಗೇ ಬಂದಿರುತ್ತೆ, ಫ್ರಿಜ್ಜಿಂದ ತೆಗೆದು ಹಾಗೇ ಪಾತ್ರೆಗೆ ಹಾಕು. ಮೊದ್ಲು ಸ್ಟೀಮ್ ನಳಿಗೆಯಲ್ಲಿರೋ ನೀರು ಹೊರಗೆ ಬಿಡು, ಇಲ್ಲಾಂದ್ರೆ ಅದೂ ಹಾಲಿಗೆ. ನಳಿಗೆ ತುದಿ ಹಾಲಿನ ಮೇಲ್ಮೈಗೆ ಸ್ವಲ್ಪವೇ ಮುಳುಗಿರ್ಬೇಕು, ಪೇಪರ್ ಹರಿದ ಹಾಗೆ ಚರ್ ಚರ್ ಅಂತ ಐದಾರು ಸೆಕೆಂಡು, ಆಮೇಲೆ ಇನ್ನಷ್ಟು ಒಳಗಿಳಿಸಿ ಪಾತ್ರೆ ಓರೆ ಮಾಡಿದ್ರೆ ಹಾಲು ಸುಳಿ ಥರ ತಿರುಗುತ್ತೆ, ಆ ಸುಳೀಲೇ ದೊಡ್ಡ ಗುಳ್ಳೆ ಒಡೆಯೋದು. ನೀನು ಕೊನೇವರೆಗೂ ಮೇಲೇ ಇಟ್ಟಿರ್ತೀಯ, ಅದಕ್ಕೇ ಸೋಪು. ಪಾತ್ರೆ ಕೈಯಲ್ಲಿ ಹಿಡಿಯಕ್ಕಾಗಲ್ಲ ಅನ್ನಿಸಿದಾಗ ನಿಲ್ಸು, 60-65 ಡಿಗ್ರಿ ಸಾಕು, ಉಕ್ಕಿಸ್ಬೇಡ. ನಳಿಗೆ ತಕ್ಷಣ ಒದ್ದೆ ಬಟ್ಟೇಲಿ ಒರೆಸು, ಒಣಗಿದ್ರೆ ಉಗುರು ಹಾಕಿ ಕೆರೀಬೇಕು. ಬೋರ್‌ವೆಲ್ ನೀರು ಅಂತೂ ಹಾಕ್ಲೇಬೇಡ, ಸುಣ್ಣ ಕಟ್ಟುತ್ತೆ.

ವಿಜಯನಗರದ_ಸೊಸೆ:
ಹತ್ತು ದಿನ ಬಿಟ್ಟು ಬರೀತಿದೀನಿ. ಒಂದೇ ತೂತಿನ ಬಾಸ್ಕೆಟ್, ಚಿಕೋರಿ ಇಲ್ದಿರೋ ಪುಡಿ ಅಂಗಡೀಲಿ ಇನ್ನೊಂದು ಸುತ್ತು ನುಣ್ಣಗೆ ಮಾಡಿಸ್ದೆ, 14 ಗ್ರಾಂ ಹಾಕಿದ್ರೆ 24 ಸೆಕೆಂಡಿಗೆ 28 ಗ್ರಾಂ. ಹುಳಿ ಹೋಯ್ತು! ಅಕ್ಕ ನೊರೇನೂ ಬಂತು, ಕಾಫಿ ಮೇಲೆ ನೊರೆ ಸುರಿದು ಬಿಡಿಸೋ ಹೂವು ಮಾತ್ರ ಬರ್ಲಿಲ್ಲ, ಹಲ್ಲಿ ಥರ ಏನೋ ಬಂತು. ಅತ್ತೆ ಒಂದು ಗುಟುಕು ಕುಡಿದು ಪರ್ವಾಗಿಲ್ಲ ಅಂದ್ರು, ಆಮೇಲೆ ಎದ್ದುಹೋಗಿ ಅದಕ್ಕೆ ಎರಡು ಚಮಚ ಡಿಕಾಕ್ಷನ್ ಹಾಕ್ಕೊಂಡು ಬಂದ್ರು.