ಹಸು ಬಂತು ಹಸು

ಭಾನುವಾರ ಬೆಳಿಗ್ಗೆ ದರ್ಶಿನಿ ಮುಂದೆ ಕಾಫಿ ಹಿಡಿದು ನಿಂತಾಗ ಸೀನನ ಮುಖ ಊದಿಕೊಂಡಿತ್ತು.

"ಸಿನಿಮಾದಲ್ಲಿ ಕೊಲೆ ಮಾಡಿದ್ದು ಡಾಕ್ಟರೇ ಅಂತ ನನ್ನ ಬಾವಮೈದ ಮೊದಲೇ ಬಾಯಿಬಿಟ್ಟ. ಟಿಕೆಟ್ ದುಡ್ಡು ಹೊಳೇಲಿ ಹುಣಸೆ ತೊಳೆದ ಹಾಗಾಯ್ತು."

ಮೂರ್ತಿ ಮೇಷ್ಟ್ರಿಗೆ ಅಷ್ಟು ಸಾಕು. ರಿಟೈರಾದ ಮೇಲೆ ಅವರ ಪಾಲಿಗೆ ಉಳಿದಿರೋ ಕ್ಲಾಸು ನಾವು ಮೂವರೇ. ಲೋಟ ಮೇಜಿನ ಮೇಲಿಟ್ಟು, ರಸ್ತೆಗೆ ಬೆನ್ನು ಮಾಡಿ ನಿಂತರು. (ಬೆನ್ನಿನ ವಿಷಯ ನೆನಪಿರಲಿ.)

"ಅಲ್ಲಯ್ಯ, ರಾವಣ ಸಾಯ್ತಾನೆ ಅಂತ ಗೊತ್ತಿದ್ದೂ ಜನ ರಾತ್ರಿಯಿಡೀ ಯಕ್ಷಗಾನ ನೋಡಲ್ವಾ? ಕಥೆ ಬೇರೆ, ಕಥೆ ಹೇಳೋ ವರಸೆ ಬೇರೆ. ನೂರು ವರ್ಷದ ಹಿಂದೆಯೇ ರಷ್ಯಾದ ವಿಮರ್ಶಕರು ಎರಡಕ್ಕೂ ಬೇರೆ ಬೇರೆ ಹೆಸರಿಟ್ಟರು. ನಡೆದದ್ದು ನಡೆದ ಹಾಗೇ ಇದ್ದರೆ ಫಾಬುಲಾ. ಅದನ್ನೇ ಹಿಂದುಮುಂದು ಮಾಡಿ, ಒಂಚೂರು ಮುಚ್ಚಿ ಒಂಚೂರು ತೋರಿಸಿ ಬಡಿಸಿದ್ರೆ ಸ್ಯೂಜೆಟ್."

"ಅಂದ್ರೆ ತರಕಾರಿ ಫಾಬುಲಾ, ಸಾಂಬಾರು ಸ್ಯೂಜೆಟ್," ಅಂದ ನಾಗರಾಜ. ಅವನ ಕೈಗೆ ಸಿಕ್ಕಿದ ಶಾಸ್ತ್ರವೆಲ್ಲ ಕೊನೆಗೆ ಸಾಂಬಾರಾಗುತ್ತೆ.

"ಸರಿಯಾಗೇ ಹೇಳ್ದೆ. ಅಂದಹಾಗೆ ಬೇಗ ಹೋಗ್ಬೇಕು ಕಣ್ರೋ, ದಂಟಿನ ಸೊಪ್ಪಿಗೆ ಮನೇಲಿ ಕಾಯ್ತಿದ್ದಾಳೆ."

ನಾನು ಮೇಷ್ಟ್ರ ಸ್ಕೂಟರ್ ಕಡೆ ನೋಡಿದೆ. ಮುಂದಿನ ಕೊಕ್ಕೆಯಲ್ಲಿ ಬಟ್ಟೆ ಚೀಲ. ಅದರ ಬಾಯಿಂದ ಒಂದು ಗೇಣು ಕೆಂಪು ದಂಟು ಹೊರಗೆ. ರಸ್ತೆ ತಿರುವಿನಲ್ಲಿ ಒಂದು ಹಸು.

"ಎಲ್ಲಾ ಗೊತ್ತಿದ್ಮೇಲೆ ಇನ್ನೆಂಥ ಕುತೂಹಲ ಮೇಷ್ಟ್ರೇ?" ಅಂದ ಸೀನ.

"ಸಿನಿಮಾ ನಿರ್ದೇಶಕ ಹಿಚ್‌ಕಾಕ್ ಹೇಳಿದ್ದು ಕೇಳು. ಇಬ್ಬರು ಮೇಜಿನ ಮುಂದೆ ಕೂತು ಕಾಡುಹರಟೆ ಹೊಡೀತಿದ್ದಾರೆ. ಇದ್ದಕ್ಕಿದ್ದಂತೆ ಮೇಜಿನ ಕೆಳಗಿಂದ ಢಂ! 15 ಸೆಕೆಂಡು ಬೆಚ್ಚಿಬೀಳ್ತೀಯ, ಮುಗೀತು. ಅದೇ ಬಾಂಬು ಇಡೋದನ್ನ ನಿನಗೆ ಮೊದಲೇ ತೋರಿಸಿದ್ರೆ? ಒಂದು ಗಂಟೆಗೆ ಸಿಡಿಯುತ್ತೆ. ಗೋಡೆ ಗಡಿಯಾರದಲ್ಲಿ ಈಗ ಹನ್ನೆರಡೂ ಮುಕ್ಕಾಲು. 15 ನಿಮಿಷ ಉಸಿರು ಬಿಗಿಹಿಡಿದು ಕೂರ್ತೀಯ. ಹರಟೆ ಅದೇ, ಬಾಂಬು ಅದೇ."

ಹಸು ಪಕ್ಕದ ಬೈಕಿನ ಸೀಟು ಮೂಸಿತು. ಹಿಡಿಸಲಿಲ್ಲ. ಒಂದು ಹೆಜ್ಜೆ ಮುಂದಿಟ್ಟಿತು. ನಾಗರಾಜ ನನ್ನ ಕಾಲು ತುಳಿದ.

"ಎದ್ದು ಓಡ್ರೋ ಅಂತ ಪರದೆಗೇ ಕೂಗಿ ಹೇಳ್ಬೇಕು ಅನ್ಸುತ್ತೆ. ಹೌದೋ ಅಲ್ವೋ?"

"ಹೌದು ಮೇಷ್ಟ್ರೇ," ಅಂದ ಸೀನ. ಅವನು ಅಷ್ಟು ಮನಸಾರೆ ಯಾರ ಮಾತನ್ನೂ ಒಪ್ಪಿದ್ದು ನಾನು ಕಂಡಿಲ್ಲ.

"ಹಾಗಂತ ಹಿಚ್‌ಕಾಕ್ ಗುಟ್ಟು ಮಾಡ್ತಾನೇ ಇರಲಿಲ್ಲ ಅಂತಲ್ಲ. 1960ರಲ್ಲಿ 'ಸೈಕೋ' ಬಂದಾಗ, ಚಿತ್ರ ಶುರುವಾದ ಮೇಲೆ ಯಾರನ್ನೂ ಒಳಗೆ ಬಿಡಕೂಡದು ಅಂತ ಥಿಯೇಟರುಗಳಿಗೆ ಕಟ್ಟಪ್ಪಣೆ ಮಾಡಿಸಿದ. ಯಾಕೆ ಹೇಳು? ನಾಯಕಿ ಅಂತ ನಂಬಿ ನಾವು ಹಿಂದೆ ಹೋಗ್ತೀವಲ್ಲ, ಅವಳು ಅರ್ಧ ಆಗೋದ್ರೊಳಗೇ ಸತ್ತುಹೋಗ್ತಾಳೆ!"

"ಅಯ್ಯೋ, ನಾನಿನ್ನೂ ನೋಡಿರಲಿಲ್ಲ!" ಅಂತ ಬಡಕೊಂಡ ನಾಗರಾಜ.

"1960ರಿಂದ ಏನ್ಮಾಡ್ತಿದ್ದೆ?"

"ಹುಟ್ಟಬೇಕಿತ್ತಲ್ಲ ಮೇಷ್ಟ್ರೇ!"

ಹಸು ಚೀಲಕ್ಕೆ ಮೂತಿ ಹಾಕಿತು. ಒಂದು ದಂಟು ಎಳೆದು, ಕಣ್ಣು ಅರೆಮುಚ್ಚಿ, ದವಡೆ ಓರೆ ಮಾಡಿ ಅಗಿಯತೊಡಗಿತು. ಅವಸರವೇ ಇಲ್ಲ.

ಮೇಷ್ಟ್ರು ರಸಕ್ಕೆ ಬಂದಿದ್ದರು. "ಅಡುಗೆ ಮನೇಲಿ ಹಾವು ಬಂದ್ರೆ ಓಡ್ತೀವಿ. ಪರದೆ ಮೇಲೆ ಬಂದ್ರೆ ದುಡ್ಡು ಕೊಟ್ಟು ನೋಡ್ತೀವಿ. ಯಾಕಂದ್ರೆ ಆ ಕಷ್ಟ ನಂದೂ ಅಲ್ಲ, ನಿಂದೂ ಅಲ್ಲ. ನಮ್ಮ ಅಲಂಕಾರಶಾಸ್ತ್ರದವರು ಇದನ್ನ ಸಾಧಾರಣೀಕರಣ ಅಂದ್ರು. ತನ್ನದಲ್ಲ ಅಂತಾದಾಗಲೇ ಕಣಯ್ಯ ಭಯಾನಕವೂ ರುಚಿ ಕೊಡೋದು!"

ನಿಜ ಹೇಳ್ತೀನಿ, ಮೂವತ್ತು ವರ್ಷದ ಸ್ನೇಹದಲ್ಲಿ ಮೇಷ್ಟ್ರ ಪಾಠ ನನಗೆ ಪೂರ್ತಿ ಅರ್ಥವಾದದ್ದು ಅವತ್ತೇ. ಸೊಪ್ಪು ನಮ್ಮದಾಗಿರಲಿಲ್ಲ.

ಅಷ್ಟರಲ್ಲಿ ಕಾಫಿ ಲೋಟ ಎತ್ತುವ ಹುಡುಗ ಬಂದ. ಅವನಿಗೆ ಕಥನಶಾಸ್ತ್ರ ಗೊತ್ತಿಲ್ಲ. "ಸಾರ್, ಹಸು!" ಅಂದುಬಿಟ್ಟ.

ಮೇಷ್ಟ್ರು ತಿರುಗಿದರು. ಕೊನೆಯ ದಂಟು ಅರ್ಧ ಹಸುವಿನ ಬಾಯಲ್ಲಿ, ಅರ್ಧ ಹೊರಗೆ.

"ಹಚಾ! ಹಚಾ! ... ಹೇಳ್ಬಾರ್ದೇನ್ರೋ! ಎಷ್ಟು ಹೊತ್ತಿಂದ ನೋಡ್ತಿದ್ರಿ?"

ನಾಗರಾಜ ಗಡಿಯಾರ ನೋಡಿಕೊಂಡ.

"15 ನಿಮಿಷ, ಮೇಷ್ಟ್ರೇ."