ಗೇಟಿನಿಂದ ಪೋರ್ಟಿಕೋವರೆಗೆ ಪೇವರ್: ಯಾವ ಅಂದಾಜನ್ನು ಒಪ್ಪುವುದು?

ಮೈಸೂರು ನಿವಾಸಿ: ನಮ್ಮ ಮನೆಯ ಗೇಟಿನಿಂದ ಪೋರ್ಟಿಕೋವರೆಗೆ 600 ಚದರ ಅಡಿ ಹಳೆಯ ಕಾಂಕ್ರೀಟ್ ಇದೆ. ಕಾರಿನ ಚಕ್ರ ಹಾಯುವ ಕಡೆ ಬಿರುಕುಬಿಟ್ಟು ಕುಸಿದಿದೆ. ಅಲ್ಲಿ ಪೇವರ್ ಬ್ಲಾಕ್ ಹಾಕಿಸಬೇಕು. ಮೂವರು ಗುತ್ತಿಗೆದಾರರು ಚದರ ಅಡಿಗೆ 70, 95, 130 ರೂಪಾಯಿ ಹೇಳಿದ್ದಾರೆ. ಮೂರು ಚೀಟಿಗಳಲ್ಲೂ ಇರುವುದು ಒಂದೇ ಸಾಲು: ‘ಪೇವರ್ ಕೆಲಸ, ಸಾಮಗ್ರಿ ಸಮೇತ’. ಇಷ್ಟೊಂದು ಅಂತರ ಏಕೆ?

ಸಿವಿಲ್ ಎಂಜಿನಿಯರ್: ಆ ಒಂದು ಸಾಲನ್ನು ನಂಬಿ ಮುಂಗಡ ಕೊಡಬೇಡಿ. ಚಕ್ರದ ಜಾಡಿನಲ್ಲೇ ಕುಸಿದಿದೆ ಎಂದರೆ ಅಡಿಯ ಮಣ್ಣು ಗಟ್ಟಿಯಿಲ್ಲ ಎಂದರ್ಥ. ಹಳೆಯ ಕಾಂಕ್ರೀಟ್ ಒಡೆದು ಸಾಗಿಸಬೇಕು, ಮಣ್ಣು ಅಗೆಯಬೇಕು, ಜಲ್ಲಿ ಹಾಸಿ ಪದರಪದರವಾಗಿ ದಿಮ್ಮಸು ಹೊಡೆಯಬೇಕು. ಖರ್ಚೆಲ್ಲ ಇಲ್ಲಿಯೇ. 70 ಹೇಳಿದವರು ಇದ್ದ ಕಾಂಕ್ರೀಟಿನ ಮೇಲೆಯೇ ಮರಳು ಹರಡಿ ಬ್ಲಾಕ್ ಜೋಡಿಸುವ ಲೆಕ್ಕ ಹಾಕಿರಬಹುದು, ಕೇಳಿ ನೋಡಿ. 60 ಮಿ.ಮೀ. ಬ್ಲಾಕ್, ಅದರಡಿ 30 ಮಿ.ಮೀ. ಮರಳು, ನೆಲ ಒಂಬತ್ತು ಸೆಂಟಿಮೀಟರ್ ಏರುತ್ತದೆ. ನಿಮ್ಮ ಗೇಟಿನ ಕೆಳಗೆ ಅಷ್ಟು ಸಂದಿ ಇದೆಯೇ?

ಹಾಸನದ ಓದುಗ: ಹಾಗೆಂದು 130 ಹೇಳಿದವರೇ ಒಳ್ಳೆಯವರೆಂದುಕೊಳ್ಳಬೇಡಿ. ರಬ್ಬರ್ ಅಚ್ಚಿನಲ್ಲಿ ಎರೆದ ಹೊಳಪಿನ ಬ್ಲಾಕಿಗೆ ದರ ಏರಿಸಿರಬಹುದು. ಮಳೆಯಲ್ಲಿ ಆ ಹೊಳಪಿನ ಮೇಲೆ ಕಾಲು ಜಾರುತ್ತದೆ, ಮನೆಯಲ್ಲಿ ವಯಸ್ಸಾದವರಿದ್ದರೆ ಅದು ಬೇಡವೇ ಬೇಡ.

ಮೇಸ್ತ್ರಿ: ಎಲ್ಲರೂ ನಮ್ಮನ್ನೇ ದೂರುತ್ತಿದ್ದೀರಿ. ಬಂದು ಅಳತೆ ಹಿಡಿದು, ಜಲ್ಲಿ ಎಷ್ಟು, ಎಂ-ಸ್ಯಾಂಡ್ ಎಷ್ಟು, ಅಂಚುಗಲ್ಲು ಎಷ್ಟು ಉದ್ದ ಎಂದು ಬಿಡಿಸಿ ಬರೆದುಕೊಟ್ಟರೆ, ಮಾಲೀಕರು ಅದರ ಫೋಟೊ ತೆಗೆದು ಇನ್ನೊಬ್ಬರಿಗೆ ಕಳುಹಿಸುತ್ತಾರೆ. ‘ಇದೇ ಕೆಲಸ, ಹತ್ತು ರೂಪಾಯಿ ಕಡಿಮೆಗೆ ಮಾಡುತ್ತೀಯಾ?’ ಎನ್ನುತ್ತಾರೆ. ಅವನು ಒಪ್ಪಿಕೊಂಡು ಜಲ್ಲಿಯಲ್ಲಿ ಕಡಿತ ಮಾಡುತ್ತಾನೆ. ಒಂದೇ ಸಾಲು ಬರೆಯುವುದನ್ನು ನಮಗೆ ಕಲಿಸಿದವರು ಯಾರು?

ಸಿವಿಲ್ ಎಂಜಿನಿಯರ್: ಮೇಸ್ತ್ರಿಯವರ ಮಾತು ನ್ಯಾಯವಾದದ್ದೇ. ಆದರೆ ಪರಿಹಾರ ಮಾಲೀಕರ ಕೈಯಲ್ಲೇ ಇದೆ. ಕೆಲಸದ ವಿವರವನ್ನು ನೀವೇ ಬರೆದು ಮೂವರಿಗೂ ಅದೇ ಹಾಳೆ ಕೊಡಿ: ಎಷ್ಟು ಆಳ ಅಗೆಯುವುದು, ದಿಮ್ಮಸು ಹೊಡೆದ ಮೇಲೆ ಜಲ್ಲಿ ಎಷ್ಟು ದಪ್ಪ ಉಳಿಯಬೇಕು, ಬ್ಲಾಕ್ ಯಾವುದು. ಪೇವರ್ ಬ್ಲಾಕಿನ ಭಾರತೀಯ ಮಾನಕ ಐಎಸ್ 15658ರ 2006ರ ಆವೃತ್ತಿಯಲ್ಲಿ ಲಘು ವಾಹನ ಸಂಚಾರಕ್ಕೆ 60 ಮಿ.ಮೀ. ದಪ್ಪ, ಎಂ-35 ಬಲದರ್ಜೆಯ ಕಾಂಕ್ರೀಟ್ ಎಂದಿತ್ತು. 50 ಮಿ.ಮೀ. ಬ್ಲಾಕ್ ವಾಹನ ಬಾರದ ಜಾಗಕ್ಕೆ. ಜಿಎಸ್‌ಟಿ ಸೇರಿದೆಯೋ ಇಲ್ಲವೋ ಅದನ್ನೂ ಬರೆಸಿಕೊಳ್ಳಿ.

ಮಂಗಳೂರಿನ ಗೃಹಿಣಿ: ನೀರಿನ ವಾಟವನ್ನು ಯಾರೂ ಹೇಳಲಿಲ್ಲವಲ್ಲ! ಐವತ್ತು ಅಡಿಗೆ ಒಂದು ಅಡಿಯಂತೆ ಇಳಿಜಾರು ಬೇಕು. ಮೂವತ್ತು ಅಡಿ ಉದ್ದವಿದ್ದರೆ ಸುಮಾರು ಏಳು ಇಂಚು. ನಮ್ಮೂರಿನ ಮಳೆಗೆ ಅಂಚು ಕಟ್ಟದ ಪೇವರ್ ನಿಲ್ಲುವುದೇ ಇಲ್ಲ. ಬದಿಯ ಬ್ಲಾಕ್ ಸರಿಯುತ್ತದೆ, ಸಂದಿಯ ಮರಳು ತೊಳೆದುಹೋಗುತ್ತದೆ, ಆಮೇಲೆ ಒಂದೊಂದೇ ಬ್ಲಾಕ್ ಅಲುಗಾಡುತ್ತದೆ. ಎರಡೂ ಬದಿಗೆ ಕಾಂಕ್ರೀಟಿನಲ್ಲಿ ಕೂರಿಸಿದ ಅಂಚುಗಲ್ಲು ಎಂದು ಆ ಹಾಳೆಯಲ್ಲಿ ಬರೆಯಿರಿ.

ಮೈಸೂರು ನಿವಾಸಿ: ಈಗಷ್ಟೇ ಅಳೆದೆ, ಗೇಟಿನ ಕೆಳಗೆ ಇರುವುದು ಎರಡೇ ಇಂಚು. 70 ಹೇಳಿದವರಿಗೆ ಫೋನ್ ಮಾಡಿದರೆ, ‘ಗೇಟಿನ ಕೆಳಭಾಗ ಕತ್ತರಿಸೋಣ’ ಎಂದರು. 95 ಹೇಳಿದವರು ಒಡೆದು ಸಾಗಿಸುವುದು ತಮ್ಮ ದರದಲ್ಲೇ ಸೇರಿದೆ ಎಂದರು, ಆದರೆ ಅಂಚುಗಲ್ಲಿಗೆ ಬೇರೆ ದರವಂತೆ.

ಮೇಸ್ತ್ರಿ: ಹಾಗಿದ್ದರೆ 95ರವರನ್ನು ಕರೆದು ಅಂಚುಗಲ್ಲಿನ ಅಡಿ ಲೆಕ್ಕ ಮಾಡಿಸಿ. ಒಳಚರಂಡಿಯ ಚೇಂಬರ್ ಮುಚ್ಚಳ ಅದೇ ದಾರಿಯಲ್ಲಿದ್ದರೆ ಅದನ್ನು ಹೊಸ ಮಟ್ಟಕ್ಕೆ ಕೂರಿಸುವುದನ್ನೂ ಸೇರಿಸಲು ಹೇಳಿ. ಮತ್ತೆ, ಅವರು ಬರೆದುಕೊಟ್ಟ ಹಾಳೆಯನ್ನು ದಯವಿಟ್ಟು ಇನ್ನೊಬ್ಬರಿಗೆ ಕಳುಹಿಸಬೇಡಿ.