ಎರಡು ಸಾಲಿನ ಯೂರೋರ್ಯಾಕ್ ಪೆಟ್ಟಿಗೆ: ಆಸಿಲೇಟರ್‌ಗಳು ಹೆಚ್ಚಾದವೇ?

ಪ್ರಶ್ನೆ

ನಮಸ್ಕಾರ. ಯೂರೋರ್ಯಾಕ್ ಮಾದರಿಯ ನನ್ನ ಮೊದಲ ಮಾಡ್ಯುಲರ್ ಸಿಂಥಸೈಜರನ್ನು, ಅಂದರೆ ಮಾಡ್ಯೂಲ್ ಎಂಬ ಬಿಡಿ ಘಟಕಗಳನ್ನು ಕೇಬಲ್‌ಗಳಿಂದ ಜೋಡಿಸಿ ನುಡಿಸುವ ವಿದ್ಯುನ್ಮಾನ ವಾದ್ಯವನ್ನು, ಯೋಜಿಸುತ್ತಿದ್ದೇನೆ. ಪೆಟ್ಟಿಗೆಯಲ್ಲಿ ತಲಾ 84 ಎಚ್‌ಪಿ (ಮಾಡ್ಯೂಲ್‌ಗಳ ಅಗಲವನ್ನು ಅಳೆಯುವ ಮಾನ) ಅಗಲದ ಎರಡು ಸಾಲುಗಳಿವೆ. ನಾನು ನುಡಿಸಬಯಸುವುದು ವೇಗದ ಸಂಗೀತವನ್ನಲ್ಲ. ಒಂದೇ ಸ್ವರ ಬಹಳ ಹೊತ್ತು ನಿಂತು, ಅದರ ನಾದದ ಬಣ್ಣ ಮಾತ್ರ ಕೆಲವು ನಿಮಿಷಗಳ ಅವಧಿಯಲ್ಲಿ ಮೆಲ್ಲಗೆ ಬದಲಾಗುತ್ತ ಹೋಗುವಂಥದ್ದನ್ನು. ಮ್ಯೂಟಬಲ್ ಇನ್‌ಸ್ಟ್ರುಮೆಂಟ್ಸ್‌ನ ಪ್ಲೇಟ್ಸ್, ಮೂರು ಅನಲಾಗ್ ಆಸಿಲೇಟರ್ (ಪ್ಲೇಟ್ಸ್‌ನಂತೆ ನಾದ ಹುಟ್ಟಿಸುವವು), ಎರಡು ಫಿಲ್ಟರ್ (ನಾದದ ಬಣ್ಣ ಬದಲಿಸುವವು), ಒಂದು ಎನ್ವಲಪ್ (ಏರಿ ಇಳಿಯುವ ವೋಲ್ಟೇಜ್ ಕೊಡುವುದು), ಒಂದು ವಿಸಿಎ (ಸಂಕೇತದ ಮಟ್ಟವನ್ನು ವೋಲ್ಟೇಜ್‌ನಿಂದ ನಿಯಂತ್ರಿಸುವುದು), ಒಂದು ಸೀಕ್ವೆನ್ಸರ್ (ಸ್ವರಗಳ ಸರಣಿಯನ್ನು ವೋಲ್ಟೇಜ್ ಆಗಿ ಕೊಡುವುದು), ಒಂದು ಮಿಕ್ಸರ್ ಮತ್ತು ಒಂದು ರಿವರ್ಬ್ ಸದ್ಯದ ಪಟ್ಟಿಯಲ್ಲಿವೆ. ಉಳಿಯುವ ಜಾಗದಲ್ಲಿ ಮೂರನೆಯ ಫಿಲ್ಟರನ್ನು ಹಾಕುವ ವಿಚಾರವಿದೆ. ವಿದ್ಯುತ್ ಪೂರೈಕೆಯ ಘಟಕ +12 ವೋಲ್ಟ್‌ನಲ್ಲಿ 1200 ಮಿಲಿಆಂಪಿಯರ್, −12 ವೋಲ್ಟ್‌ನಲ್ಲಿ 500 ಮಿಲಿಆಂಪಿಯರ್ ಕೊಡುತ್ತದೆ; ಪಟ್ಟಿಯ ಮಾಡ್ಯೂಲ್‌ಗಳ ಒಟ್ಟು ಬಳಕೆ ಕ್ರಮವಾಗಿ 780 ಮತ್ತು 440. ಈ ಆಯ್ಕೆ ನನ್ನ ಉದ್ದೇಶಕ್ಕೆ ಹೊಂದುತ್ತದೆಯೇ, ವಿದ್ಯುತ್ ಸಾಕಾಗುತ್ತದೆಯೇ ಎಂದು ತಿಳಿದವರು ದಯವಿಟ್ಟು ಹೇಳಬೇಕು.

ಮೊದಲ ಉತ್ತರ

ನಿಮ್ಮ ಉದ್ದೇಶ ಸ್ಪಷ್ಟವಾಗಿದೆ, ಆದರೆ ಪಟ್ಟಿ ಬೇರೆಯದೇ ಉದ್ದೇಶಕ್ಕೆ ತಯಾರಾದಂತಿದೆ. ನಾದವನ್ನು ಹುಟ್ಟಿಸುವ ಮಾಡ್ಯೂಲ್‌ಗಳು ಅದರಲ್ಲಿ ನಾಲ್ಕಿವೆ. ಹುಟ್ಟಿದ ನಾದವನ್ನು ನಿಧಾನವಾಗಿ ಬದಲಾಯಿಸಬಲ್ಲದ್ದು ಎನ್ವಲಪ್ ಒಂದೇ, ಎಲ್‌ಎಫ್‌ಒ (ನಿಧಾನವಾಗಿ ಏರಿಳಿಯುತ್ತಲೇ ಇರುವ ವೋಲ್ಟೇಜ್ ಕೊಡುವ ಆಸಿಲೇಟರ್) ಒಂದೂ ಇಲ್ಲ. ಪ್ಲೇಟ್ಸ್ ಒಂದರಲ್ಲೇ ನಾದದ ಸ್ವರೂಪ, ಬಣ್ಣ, ರಚನೆಗಳಿಗೆ ಬೇರೆ ಬೇರೆ ನಿಯಂತ್ರಣ ವೋಲ್ಟೇಜ್ ಕೊಡುವ ರಂಧ್ರಗಳಿವೆ, ಫಿಲ್ಟರ್‌ಗಳಿಗೂ ಅವುಗಳದೇ ಇವೆ. ಇವಕ್ಕೆಲ್ಲ ಕೊಡಲು ವೋಲ್ಟೇಜ್ ಎಲ್ಲಿಂದ ಬರುತ್ತದೆ ಎಂದು ಒಂದು ಕಾಗದದ ಮೇಲೆ ಕೇಬಲ್‌ಗಳನ್ನು ಎಳೆದು ನೋಡಿದರೆ ಕೊರತೆ ತಾನಾಗಿ ಕಾಣುತ್ತದೆ.

ವಿಸಿಎಯನ್ನು ಧ್ವನಿಯ ಏರಿಳಿತಕ್ಕಷ್ಟೇ ಮೀಸಲಾದುದೆಂದು ಭಾವಿಸಿ ಒಂದಕ್ಕೇ ನಿಲ್ಲಿಸಬೇಡಿ. ಒಂದು ಎಲ್‌ಎಫ್‌ಒ ನೇರವಾಗಿ ಫಿಲ್ಟರನ್ನು ಅಲುಗಾಡಿಸಿದರೆ ಆ ಚಲನೆ ಸ್ವಲ್ಪ ಹೊತ್ತಿನಲ್ಲೇ ಯಾಂತ್ರಿಕವಾಗಿ ಕೇಳತೊಡಗುತ್ತದೆ. ಅದೇ ಎಲ್‌ಎಫ್‌ಒವನ್ನು ವಿಸಿಎ ಮೂಲಕ ಹಾಯಿಸಿ, ಆ ವಿಸಿಎಯನ್ನು ಇನ್ನೂ ನಿಧಾನವಾದ ಮತ್ತೊಂದು ಎಲ್‌ಎಫ್‌ಒದಿಂದ ತೆರೆದು ಮುಚ್ಚಿಸಿದರೆ, ಅಲುಗಾಟವೇ ಒಮ್ಮೆ ಮೂಡಿ ಒಮ್ಮೆ ಅಡಗುವ ಗುಣ ಬರುತ್ತದೆ. ನಿಮಗೆ ಬೇಕಾಗಿರುವುದು ಇದೇ ಎಂದು ನನ್ನ ಅನಿಸಿಕೆ. ಇಂಥ ಕೆಲಸಕ್ಕೆ ಲೀನಿಯರ್ ವಿಸಿಎ (ನಿಯಂತ್ರಣ ವೋಲ್ಟೇಜಿಗೆ ನೇರ ಅನುಪಾತದಲ್ಲಿ ತೆರೆಯುವಂಥದ್ದು) ತಕ್ಕದ್ದು.

ಆದ್ದರಿಂದ ಒಂದು ಅನಲಾಗ್ ಆಸಿಲೇಟರನ್ನೂ ಒಂದು ಫಿಲ್ಟರನ್ನೂ ಬಿಟ್ಟು, ಆ ಜಾಗದಲ್ಲಿ ಮೇಕ್ ನಾಯ್ಸ್ ಸಂಸ್ಥೆಯ ಮ್ಯಾಥ್ಸ್ ಮತ್ತು ಒಂದು ಜೋಡಿ ವಿಸಿಎ ಹಾಕುವುದನ್ನು ಪರಿಶೀಲಿಸಿ. ಮ್ಯಾಥ್ಸ್ 20 ಎಚ್‌ಪಿ ಜಾಗ ಕೇಳುತ್ತದೆ ನಿಜ, ಆದರೆ ಅದರ ಮೊದಲ ಮತ್ತು ನಾಲ್ಕನೆಯ ವಿಭಾಗಗಳು ಎನ್ವಲಪ್ ಆಗಿಯೂ ಎಲ್‌ಎಫ್‌ಒ ಆಗಿಯೂ ಕೆಲಸ ಮಾಡುತ್ತವೆ. ನಡುವಿನ ಎರಡು ವೋಲ್ಟೇಜನ್ನು ತಗ್ಗಿಸುತ್ತವೆ, ಬೇಕಾದರೆ ತಲೆಕೆಳಗು ಮಾಡುತ್ತವೆ. ನಾಲ್ಕೂ ಕೂಡಿದ ಮೊತ್ತವೂ ಪ್ರತ್ಯೇಕವಾಗಿ ಸಿಗುತ್ತದೆ. ಅಂದ ಹಾಗೆ, ಪ್ಲೇಟ್ಸ್‌ಗೆ ತನ್ನದೇ ಲೋ-ಪಾಸ್ ಗೇಟ್ (ನಾದದ ಮಟ್ಟವನ್ನೂ ಬಣ್ಣವನ್ನೂ ಒಟ್ಟಿಗೆ ತೆರೆದು ಮುಚ್ಚುವ ಭಾಗ) ಒಳಗಿದೆ. ಟ್ರಿಗರ್ ಮತ್ತು ಲೆವೆಲ್ ರಂಧ್ರಗಳಿಗೆ ಏನನ್ನೂ ಜೋಡಿಸದಿದ್ದರೆ ಪ್ಲೇಟ್ಸ್ ನಿರಂತರವಾಗಿ ನುಡಿಯುತ್ತದೆ. ನಿಮ್ಮ ಸಂಗೀತಕ್ಕೆ ಅದು ಅನುಕೂಲವೇ.

ಎರಡನೆಯ ಉತ್ತರ

ವಿದ್ಯುತ್ತಿನ ವಿಷಯದಲ್ಲಿ ನಿಮ್ಮ ಗಮನ −12 ವೋಲ್ಟ್ ಬದಿಗೆ ಹೋಗಬೇಕು. +12 ಬದಿಯಲ್ಲಿ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಉಳಿದಿದೆ. −12 ಬದಿಯಲ್ಲಿ ಶೇಕಡಾ 88ರಷ್ಟು ಈಗಲೇ ಖರ್ಚಾಗಿದೆ. ಸ್ವಿಚ್ ಹಾಕಿದ ಕ್ಷಣದಲ್ಲಿ ಮಾಡ್ಯೂಲ್‌ಗಳು ಮಾಮೂಲಿಗಿಂತ ಹೆಚ್ಚು ವಿದ್ಯುತ್ ಎಳೆಯುವುದರಿಂದ, ಎರಡೂ ಬದಿಗಳಲ್ಲಿ ಕಾಲು ಭಾಗವನ್ನಾದರೂ ಖಾಲಿ ಬಿಡುವುದು ಒಳ್ಳೆಯದು. ಮೇಲಿನವರ ಸಲಹೆ ಸಂಗೀತದ ದೃಷ್ಟಿಯಿಂದ ಸರಿ, ಆದರೆ ಅದರಿಂದ ಈ ಲೆಕ್ಕ ಹಗುರವಾಗುತ್ತದೆಂದು ತಿಳಿಯಬೇಡಿ: ಮ್ಯಾಥ್ಸ್ ಕೂಡ ಅನಲಾಗ್, ಮತ್ತು ಅನಲಾಗ್ ಮಾಡ್ಯೂಲ್‌ಗಳು ಸಾಮಾನ್ಯವಾಗಿ ಎರಡೂ ಬದಿಗಳಿಂದ ಎಳೆಯುತ್ತವೆ. ಡಿಜಿಟಲ್ ಮಾಡ್ಯೂಲ್‌ಗಳ ಹೊರೆ ಬಹುಪಾಲು +12 ಮೇಲೆ ಬೀಳುತ್ತದೆ. ಬದಲಾದ ಪಟ್ಟಿಯನ್ನು ಮಾಡ್ಯುಲರ್‌ಗ್ರಿಡ್ ತಾಣದಲ್ಲಿ ಮತ್ತೊಮ್ಮೆ ಕೂಡಿಸಿ ನೋಡಿ. ಮಾಡ್ಯೂಲ್‌ಗಳ ಆಳವೂ ಅಲ್ಲಿಯೇ ಸಿಗುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮೂರನೆಯ ಫಿಲ್ಟರ್‌ನ ವಿಚಾರವನ್ನು ಕೈಬಿಟ್ಟಿದ್ದೇನೆ. ಅನಲಾಗ್ ಆಸಿಲೇಟರ್‌ಗಳನ್ನು ಎರಡಕ್ಕೆ ಇಳಿಸಿ, ಹೆಚ್ಚು ಸಾಮರ್ಥ್ಯದ ವಿದ್ಯುತ್ ಘಟಕವನ್ನೇ ಆರಿಸಿಕೊಳ್ಳುತ್ತೇನೆ. ಸೀಕ್ವೆನ್ಸರ್‌ನ ಒಂದೇ ಸ್ವರ ವೋಲ್ಟೇಜನ್ನು ಎರಡೂ ಆಸಿಲೇಟರ್‌ಗಳಿಗೆ ಹಂಚಬೇಕಾಗಿದೆ. ಅದಕ್ಕೆ ಸಾಧಾರಣ ಪ್ಯಾಸಿವ್ ಮಲ್ಟಿಪಲ್ (ಒಂದು ಸಂಕೇತವನ್ನು ವಿದ್ಯುತ್ ಬಳಸದೆ ಹಲವು ಕೇಬಲ್‌ಗಳಿಗೆ ಹಂಚುವ ಘಟಕ) ಸಾಕೇ?

ಮೂರನೆಯ ಉತ್ತರ

ಎಲ್‌ಎಫ್‌ಒ, ಗೇಟ್ (ಆನ್-ಆಫ್ ಸಂಕೇತ), ಎನ್ವಲಪ್‌ಗಳಿಗೆ ಸಾಕು, ಸ್ವರಕ್ಕೆ ಸಾಕಾಗದಿರಬಹುದು. ಯೂರೋರ್ಯಾಕ್‌ನಲ್ಲಿ 1 ವೋಲ್ಟ್ ಎಂದರೆ ಒಂದು ಸ್ಥಾಯಿ, ಎಂದರೆ ಅರ್ಧ ಸ್ವರಕ್ಕೆ ಸುಮಾರು 83 ಮಿಲಿವೋಲ್ಟ್. ಕಳುಹಿಸುವ ಕಡೆ 1 ಕಿಲೋಓಮ್, ಸ್ವೀಕರಿಸುವ ಕಡೆ 100 ಕಿಲೋಓಮ್ ರೋಧವಿದೆ ಎಂದುಕೊಂಡರೆ, ಒಂದು ಆಸಿಲೇಟರ್ ಜೋಡಿಸಿದಾಗ ವೋಲ್ಟೇಜ್ ಶೇಕಡಾ 1ರಷ್ಟು, ಎರಡನ್ನು ಜೋಡಿಸಿದಾಗ ಶೇಕಡಾ 2ರಷ್ಟು ಇಳಿಯುತ್ತದೆ. 3 ವೋಲ್ಟ್‌ನ ಸ್ವರದಲ್ಲಿ ಈ ವ್ಯತ್ಯಾಸ ಸುಮಾರು 30 ಮಿಲಿವೋಲ್ಟ್, ಅರ್ಧ ಸ್ವರದ ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು. ಎರಡೂ ಆಸಿಲೇಟರ್‌ಗಳಿಗೆ ತಲುಪುವುದು ಅದೇ ವೋಲ್ಟೇಜ್ ಆದ್ದರಿಂದ ಅವು ಒಂದಕ್ಕೊಂದು ಹೊಂದಿಯೇ ಇರುತ್ತವೆ. ಶ್ರುತಿ ತಪ್ಪುವುದು ಬೇರೆ ಮೂಲದಿಂದ ಸ್ವರ ಪಡೆಯುವ ಪ್ಲೇಟ್ಸ್‌ನೊಂದಿಗೆ. ದೀರ್ಘ ಸ್ವರಗಳ ಸಂಗೀತದಲ್ಲಿ ಅದು ಮುಚ್ಚಿಹೋಗುವುದಿಲ್ಲ.

ಇಳಿತವನ್ನು ಸರಿದೂಗಿಸುವಂತೆ ರಚಿಸಿದ ಸೀಕ್ವೆನ್ಸರ್‌ಗಳೂ ಇವೆ. ನಿಮ್ಮದು ಅಂಥದ್ದಲ್ಲದಿದ್ದರೆ ಕಡಿಮೆ ಅಗಲದ ಒಂದು ಬಫರ್ಡ್ ಮಲ್ಟಿಪಲ್ (ವೋಲ್ಟೇಜ್ ಇಳಿಯದಂತೆ ಹಂಚುವಂಥದ್ದು) ತೆಗೆದುಕೊಳ್ಳಿ. ಕಂಪ್ಯೂಟರಿನಲ್ಲೇ ಮಾಡ್ಯುಲರ್ ಸಿಂಥಸೈಜರನ್ನು ಅನುಕರಿಸುವ ವಿಸಿವಿ ರ್ಯಾಕ್ ತಂತ್ರಾಂಶದಲ್ಲಿ ಇಡೀ ಯೋಜನೆಯನ್ನು ಮೊದಲು ಪರೀಕ್ಷಿಸುವುದು ಉಚಿತ, ಉಪಯುಕ್ತವೂ ಹೌದು. ಆದರೆ ಅಲ್ಲಿ ಒಂದೇ ರಂಧ್ರದಿಂದ ಎಷ್ಟು ಕೇಬಲ್ ಎಳೆದರೂ ವೋಲ್ಟೇಜ್ ಇಳಿಯುವುದಿಲ್ಲವಾದ್ದರಿಂದ, ಈ ಒಂದು ತೊಂದರೆ ಅಲ್ಲಿ ನಿಮ್ಮ ಕಿವಿಗೆ ಬೀಳುವುದಿಲ್ಲ. ನಿಜವಾದ ಪೆಟ್ಟಿಗೆಯಲ್ಲಿ ಆಸಿಲೇಟರ್‌ಗಳನ್ನು ಶ್ರುತಿ ಮಾಡುವಾಗ, ನುಡಿಸುವ ಹೊತ್ತಿನಲ್ಲಿ ಇರಬೇಕಾದ ಕೇಬಲ್‌ಗಳನ್ನೆಲ್ಲ ಜೋಡಿಸಿಕೊಂಡ ಮೇಲೆಯೇ ಮಾಡಿ.